ಕೃಪೆಯ ಪಕ್ಷ ವಹಿಸಿ

ಕ್ರೈಸ್ತಧರ್ಮದ ಮಾತು ಬಂತೆಂದರೆ ನಮ್ಮ ವಿದ್ಯಾವಂತರ ಬಳಿ ಒಂದು ತೀರ್ಪು ಸಿದ್ಧವಾಗಿರುತ್ತದೆ. ಯೇಸು ದೊಡ್ಡವನು, ಬೆಟ್ಟದ ಮೇಲಿನ ಪ್ರಸಂಗ ದೊಡ್ಡದು. ಆಮೇಲೆ ಬಂದ ಪೌಲ ಅದನ್ನು ತಿರುಚಿದ, ನಾನೂರು ವರ್ಷಗಳ ನಂತರ ಬಂದ ಅಗಸ್ಟೀನ್ ಪೂರ್ತಿ ಕೆಡಿಸಿದ. ಮನುಷ್ಯ ಹುಟ್ಟುತ್ತಲೇ ಪಾಪಿ ಎಂದು ಸಾರಿ ಇಡೀ ಪಶ್ಚಿಮಕ್ಕೆ ಅಪರಾಧಪ್ರಜ್ಞೆಯನ್ನು ಅಂಟಿಸಿದವನು ಅವನೇ. ಈ ತೀರ್ಪಿಗೆ ನಮ್ಮಲ್ಲಿ ಘನವಾದ ಬೆಂಬಲವೂ ಇದೆ. 1893ರ ಸೆಪ್ಟೆಂಬರ್ 19ರಂದು ಷಿಕಾಗೋದ ಸರ್ವಧರ್ಮ ಸಮ್ಮೇಳನದಲ್ಲಿ ಹಿಂದೂಧರ್ಮದ ಕುರಿತ ಪ್ರಬಂಧ ಓದಿದ ವಿವೇಕಾನಂದರು, ಮನುಷ್ಯನನ್ನು ಪಾಪಿಯೆಂದು ಕರೆಯುವುದೇ ಪಾಪ ಎಂಬ ಅಭಿಪ್ರಾಯವನ್ನು ಸಭೆಯ ಮುಂದಿಟ್ಟರು. ವಸಾಹತು ಆಳ್ವಿಕೆಯಲ್ಲಿ ನರಳುತ್ತಿದ್ದ ಜನರ ಪರವಾಗಿ ಅಂದು ಆ ಮಾತು ಬೇಕಿತ್ತು. ಅದನ್ನೇ ಇಂದಿಗೂ ಭಾಷಣದಿಂದ ಭಾಷಣಕ್ಕೆ ಸಾಗಿಸಿ ಅಗಸ್ಟೀನನನ್ನು ಓದುವ ಶ್ರಮ ಉಳಿಸಿಕೊಳ್ಳುವುದನ್ನು ನಾನು ಒಪ್ಪಲಾರೆ.

ಪಶ್ಚಿಮದಲ್ಲೂ ಈ ತೀರ್ಪಿಗೆ ಬೇಡಿಕೆಯಿದೆ. ಎಲೇನ್ ಪೇಗಲ್ಸ್ 1988ರಲ್ಲಿ ಪ್ರಕಟಿಸಿದ ಆದಾಮ, ಹವ್ವ ಮತ್ತು ಸರ್ಪದ ಕುರಿತ ಪುಸ್ತಕದಲ್ಲಿ, ಮೊದಲ ಕ್ರೈಸ್ತರು ಎತ್ತಿಹಿಡಿದ ಮಾನವ ಸ್ವಾತಂತ್ರ್ಯವನ್ನು ಅಗಸ್ಟೀನ್ ಬಂಧನವನ್ನಾಗಿಸಿದ ಎಂಬ ವಾದವನ್ನು ಬಲವಾಗಿ ಕಟ್ಟಿದರು. ಅಲ್ಲಿಂದೀಚೆಗೆ ಅವನ ಎದುರಾಳಿ ಪೆಲೇಜಿಯಸನಿಗೆ ಹೊಸ ಕಳೆ ಬಂದಿದೆ. ಬ್ರಿಟನ್ನಿನಿಂದ ರೋಮಿಗೆ ಬಂದ ಸಾಧುಜೀವಿ, ಮನುಷ್ಯನ ಇಚ್ಛಾಶಕ್ತಿಯನ್ನು ನಂಬಿದವನು, ಚರ್ಚಿನ ಅಧಿಕಾರಕ್ಕೆ ಬಲಿಯಾದವನು ಎಂಬುದು ಅವನ ಈಗಿನ ಚಿತ್ರ. ಸೋತವರ ಪರ ನಿಲ್ಲುವುದು ನಮ್ಮ ಕಾಲಕ್ಕೆ ಸಹಜ. ಸೋತ ವಾದ ಯಾವುದು, ಅದು ಯಾರ ಬೆನ್ನ ಮೇಲೆ ಏನು ಹೊರಿಸುತ್ತಿತ್ತು ಎಂದು ಕೇಳುವವರು ಕಡಿಮೆ.

ನಾನು ಅಗಸ್ಟೀನನ ಪಕ್ಷ. ಪಾಪ, ಕೃಪೆ, ಮರುಹುಟ್ಟು ಇವುಗಳ ಬಗ್ಗೆ ಕ್ರೈಸ್ತ ಪರಂಪರೆ ಹೇಳಿದ್ದರಲ್ಲಿ ಅತ್ಯಂತ ಮಾನವೀಯವಾದದ್ದು ಅವನ ಬರಹದಲ್ಲಿದೆ, ಪೆಲೇಜಿಯಸನ ಬರಹದಲ್ಲಿ ಅದಿಲ್ಲ ಎಂಬುದು ನನ್ನ ವಾದ.

ಅಗಸ್ಟೀನನ ಆತ್ಮಕಥೆ 'ಕನ್ಫೆಷನ್ಸ್' ಓದದವರಿಗೂ ಅದರ ಪೇರ್ ಮರ ಗೊತ್ತು. ಹದಿನಾರರ ಹುಡುಗ, ರಾತ್ರಿ ಹೊತ್ತು, ಗೆಳೆಯರ ಗುಂಪು. ಪಕ್ಕದ ತೋಟದ ಹಣ್ಣನ್ನು ಕದ್ದು ಹಂದಿಗಳಿಗೆ ಎಸೆದರು. ಇದಕ್ಕಾಗಿ ಇಷ್ಟು ಪುಟ ಅಳಬೇಕೇ ಎಂದು ಅಮೆರಿಕದ ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್ ಗೆಳೆಯನಿಗೆ ಬರೆದ ಪತ್ರವೊಂದರಲ್ಲಿ ಬೆರಗುಪಟ್ಟರು. ನಮ್ಮವರೂ ಅಷ್ಟಕ್ಕೇ ಪುಸ್ತಕ ಮುಚ್ಚುತ್ತಾರೆ. ಆದರೆ ಅಗಸ್ಟೀನ್ ಅಲ್ಲಿ ಹಿಡಿದಿರುವುದು ಕಳ್ಳತನದ ಗಾತ್ರವನ್ನಲ್ಲ. ಹಸಿವಿರಲಿಲ್ಲ, ಇದಕ್ಕಿಂತ ಒಳ್ಳೆಯ ಹಣ್ಣು ಮನೆಯಲ್ಲೇ ಇತ್ತು, ಒಬ್ಬನೇ ಇದ್ದಿದ್ದರೆ ಖಂಡಿತ ಕದಿಯುತ್ತಿರಲಿಲ್ಲ. ಹಾಗಿದ್ದರೂ ಕದ್ದೆ, ಯಾಕೆ? ಗುಂಪಿನೊಳಗಿದ್ದಾಗ ಹುಟ್ಟುವ, ಲಾಭದ ಲೆಕ್ಕಕ್ಕೆ ಸಿಗದ, ಕೆಡುಕಿನ ಆ ಶುದ್ಧ ಸಂತೋಷವನ್ನು ಅವನಿಗಿಂತ ಮೊದಲು ಇಷ್ಟು ಹತ್ತಿರದಿಂದ ನೋಡಿದ ಲೇಖಕ ನನಗೆ ಗೊತ್ತಿಲ್ಲ. ಗುಂಪುಹಲ್ಲೆಯ ವಿಡಿಯೋಗಳನ್ನು ಮೊಬೈಲಿನಲ್ಲಿ ಹಂಚಿಕೊಳ್ಳುವ ಕಾಲದಲ್ಲಿ ಬದುಕುತ್ತಿರುವ ನಾವು ಆ ಪ್ರಶ್ನೆಯನ್ನು ಹುಡುಗಾಟವೆಂದು ತಳ್ಳಿಹಾಕುವಂತಿಲ್ಲ.

ಪೇರ್ ಮರಕ್ಕಿಂತ ಮುಖ್ಯವಾದ ಪ್ರಸಂಗ ಆರನೆಯ ಪುಸ್ತಕದಲ್ಲಿದೆ, ಅದನ್ನು ಪಠ್ಯಗಳು ಬಿಟ್ಟುಬಿಡುತ್ತವೆ. ಅಗಸ್ಟೀನನ ಆಪ್ತಗೆಳೆಯ ಅಲಿಪಿಯಸ್ ಕಾನೂನು ಓದಲು ರೋಮಿಗೆ ಹೋಗಿದ್ದ. ಆಳುಗಳು ಒಬ್ಬರನ್ನೊಬ್ಬರು ಕಡಿದು ಕೊಲ್ಲುವ ಅಖಾಡದ ಆಟವೆಂದರೆ ಅವನಿಗೆ ಹೇಸಿಗೆ. ಒಂದು ದಿನ ಊಟ ಮುಗಿಸಿ ಬರುತ್ತಿದ್ದ ಸಹಪಾಠಿಗಳು ಅವನನ್ನು ಎಳೆದುಕೊಂಡು ಹೋದರು. ನನ್ನ ಮೈಯನ್ನು ಅಲ್ಲಿ ಕೂರಿಸಬಲ್ಲಿರಿ, ನನ್ನ ಕಣ್ಣನ್ನೂ ಮನಸ್ಸನ್ನೂ ಕೂರಿಸಲಾರಿರಿ ಎಂದು ಅಲಿಪಿಯಸ್ ಹೇಳಿದ. ಹೇಳಿದಂತೆಯೇ ಕಣ್ಣು ಮುಚ್ಚಿ ಕುಳಿತ. ಕಿವಿ ಮುಚ್ಚಿಕೊಳ್ಳಲಿಲ್ಲ. ಕೆಳಗೆ ಒಬ್ಬ ಬಿದ್ದ, ಇಡೀ ಜನಸಾಗರ ಒಮ್ಮೆಲೇ ಬೊಬ್ಬಿರಿಯಿತು. ಏನೇ ಆಗಿದ್ದರೂ ನೋಡಿ ತಿರಸ್ಕರಿಸಬಲ್ಲೆ ಎಂದುಕೊಂಡು ಅವನು ಕಣ್ಣು ತೆರೆದ. ರಕ್ತ ಕಂಡ ಕೂಡಲೇ ನೋಟ ಅಲ್ಲೇ ಕಚ್ಚಿಕೊಂಡಿತು. ಕೂಗಿದ, ಕುದಿದ, ಅಲ್ಲಿಂದ ಎದ್ದದ್ದು ಮತ್ತೆ ಬರುವ ಹುಚ್ಚನ್ನು ಹೊತ್ತು. ಮುಂದೆ ತಾನೇ ಬೇರೆಯವರನ್ನು ಎಳೆದುಕೊಂಡು ಬರುವವನಾದ.

ಇಚ್ಛಾಶಕ್ತಿಯ ಬಗ್ಗೆ ಅಗಸ್ಟೀನ್ ಬರೆದ ಯಾವ ಸಿದ್ಧಾಂತಗ್ರಂಥಕ್ಕಿಂತಲೂ ಈ ಒಂದು ಪುಟ ದೊಡ್ಡದು. ಅಲಿಪಿಯಸ್ ಕೆಟ್ಟವನಲ್ಲ, ಆ ಗುಂಪಿನಲ್ಲಿ ಎಲ್ಲರಿಗಿಂತ ಒಳ್ಳೆಯವನು. ಅವನನ್ನು ಬೀಳಿಸಿದ್ದು ದೌರ್ಬಲ್ಯವಲ್ಲ, ತನ್ನ ಬಲದ ಮೇಲಿದ್ದ ಭರವಸೆ. ನೋಡಿ ಗೆಲ್ಲುತ್ತೇನೆ ಎಂದುಕೊಂಡ ಕ್ಷಣವೇ ಅವನು ಸೋತ. ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯ ಏಳನೆಯ ಅಧ್ಯಾಯದಲ್ಲಿ, ಒಳ್ಳೆಯದನ್ನು ಬಯಸಿಯೂ ಮಾಡಲಾರದ ತನ್ನ ಸ್ಥಿತಿಯನ್ನು ತೋಡಿಕೊಳ್ಳುತ್ತಾನಲ್ಲ, ಅದರ ಭಾಷ್ಯ ಬೇಕಿದ್ದವರು ಈ ಪುಟಕ್ಕೆ ಬರಬೇಕು.

ಇನ್ನು ಪೆಲೇಜಿಯಸ್. 'ಕನ್ಫೆಷನ್ಸ್'ನ ಹತ್ತನೆಯ ಪುಸ್ತಕದಲ್ಲಿ ಅಗಸ್ಟೀನ್ ದೇವರನ್ನು ಬೇಡುತ್ತಾನೆ: ನೀನು ಏನು ಆಜ್ಞಾಪಿಸುತ್ತೀಯೋ ಅದನ್ನು ಮಾಡುವ ಶಕ್ತಿಯನ್ನೂ ನೀನೇ ಕೊಡು ಎಂಬುದು ಆ ಪ್ರಾರ್ಥನೆಯ ತಿರುಳು. ರೋಮಿನಲ್ಲಿ ಬಿಷಪ್ಪೊಬ್ಬ ಅದನ್ನು ಉದ್ಧರಿಸಿದ್ದನ್ನು ಕೇಳಿ ಪೆಲೇಜಿಯಸ್ ಸಿಟ್ಟಿಗೆದ್ದ. ಆ ಸಿಟ್ಟಿಗೆ ಕಾರಣ ಇತ್ತು. ಸಾಮ್ರಾಜ್ಯ ಕ್ರೈಸ್ತವಾದ ಮೇಲೆ ಸಭೆ ತುಂಬಿದ್ದು ಸೋಮಾರಿಗಳಿಂದ, ಅನುಕೂಲಸ್ಥರಿಂದ. ಎಲ್ಲವನ್ನೂ ದೇವರೇ ಕೊಡಲಿ ಎಂದರೆ ಇವರು ಇನ್ನಷ್ಟು ಮಲಗುತ್ತಾರೆ ಎಂದು ಅವನಿಗೆ ಅನ್ನಿಸಿತು. 410ರಲ್ಲಿ ಗೋಥರ ದೊರೆ ಅಲಾರಿಕ್ ರೋಮನ್ನು ಸೂರೆಗೈದಾಗ ಅವನೂ ನಿರಾಶ್ರಿತರ ಜೊತೆ ಹಡಗು ಹತ್ತಿದ, ಆಫ್ರಿಕದ ಮೂಲಕ ಪ್ಯಾಲೆಸ್ಟೈನ್ ಸೇರಿದ. ಅಲ್ಲಿಂದ ಡೆಮಿಟ್ರಿಯಾಸ್ ಎಂಬ ಹುಡುಗಿಗೆ ಬರೆದ ಪತ್ರ ಉಳಿದಿದೆ. ಅನಿಸಿಯಸರ ಮಹಾಶ್ರೀಮಂತ ಮನೆತನದ ಆಕೆ ಮದುವೆ ಬೇಡವೆಂದು ಕನ್ಯಾವ್ರತ ತೊಟ್ಟಿದ್ದಳು. ಮೊದಲು ನಿನ್ನ ಸ್ವಭಾವದ ಶಕ್ತಿಯನ್ನು ತಿಳಿ, ದೇವರು ನಿನ್ನಿಂದಾಗದ್ದನ್ನು ಕೇಳುವುದಿಲ್ಲ, ಕೇಳಿದ್ದಾನೆಂದರೆ ನಿನ್ನಿಂದ ಆಗುತ್ತದೆ ಎಂಬುದು ಪತ್ರದ ದನಿ.

ಕೇಳಲು ಎಷ್ಟು ಚೆಂದ! ಇಂದಿನ ಯಾವ ಪ್ರೇರಣಾ ಭಾಷಣಕಾರನೂ ಇದನ್ನು ಹಾಗೆಯೇ ಹೇಳಬಹುದು. ಆದರೆ ವಾದವನ್ನು ಕೊನೆಯವರೆಗೆ ನಡೆಸಿ ನೋಡಿ. ನಿನ್ನಿಂದ ಆಗುತ್ತದೆ, ಆಗಲಿಲ್ಲವೆಂದರೆ ನೀನು ಬಯಸಲಿಲ್ಲ, ಬಯಸಲಿಲ್ಲವೆಂದರೆ ಕ್ಷಮೆಗೆ ಅರ್ಹನಲ್ಲ. 415ರಲ್ಲಿ ಡಯೋಸ್ಪೊಲಿಸ್ ಸಭೆಯ ವಿಚಾರಣೆಯಲ್ಲಿ ಪೆಲೇಜಿಯಸನ ಮೇಲಿದ್ದ ಆರೋಪಗಳಲ್ಲಿ ಒಂದು, ನ್ಯಾಯತೀರ್ಪಿನ ದಿನ ಪಾಪಿಗಳಿಗೆ ಕನಿಕರವಿಲ್ಲ, ನಿತ್ಯಾಗ್ನಿಯೇ ಗತಿ ಎಂದು ಅವನು ಹೇಳಿದ್ದಾನೆ ಎಂಬುದು. ಅವನು ಅಲ್ಲಗಳೆಯಲಿಲ್ಲ, ಸುವಾರ್ತೆಯ ಆಧಾರ ಕೊಟ್ಟು ಸಮರ್ಥಿಸಿಕೊಂಡ. ಸಭೆ ಅವನನ್ನು ನಿರ್ದೋಷಿಯೆಂದು ಬಿಟ್ಟಿತು. ಮಾನವ ಸ್ವಾತಂತ್ರ್ಯದ ಹರಿಕಾರನೆಂದು ಅವನನ್ನು ಹೊಗಳುವವರು ಈ ಭಾಗವನ್ನು ಮುಟ್ಟುವುದಿಲ್ಲ. ಮುಟ್ಟಿದರೆ ಆ ಸ್ವಾತಂತ್ರ್ಯದ ಬೆಲೆ ಕಾಣುತ್ತದೆ.

ಪೀಟರ್ ಬ್ರೌನ್ 1967ರಲ್ಲಿ ಬರೆದ ಅಗಸ್ಟೀನನ ಜೀವನಚರಿತ್ರೆ ಈ ವಿಷಯವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದೆ. ಪೆಲೇಜಿಯಸನಿಗೆ ಪ್ರತಿಯೊಬ್ಬ ಕ್ರೈಸ್ತನೂ ಸನ್ಯಾಸಿಯಷ್ಟು ಪರಿಪೂರ್ಣನಾಗಬೇಕಿತ್ತು. ಅಗಸ್ಟೀನನ ಸಭೆಯಲ್ಲಿ ಹಿಪ್ಪೋ ಊರಿನ ರೈತರು, ಬಂದರಿನ ಕೂಲಿಗಳು, ಹೆಂಡತಿಯೊಡನೆ ಜಗಳವಾಡಿ ಭಾನುವಾರ ತಲೆ ತಗ್ಗಿಸಿ ಬರುವ ಗಂಡಸರು, ಬಿದ್ದು ಎದ್ದು ಮತ್ತೆ ಬೀಳುವವರು ಎಲ್ಲರಿಗೂ ಜಾಗವಿತ್ತು. ಶ್ರೀಮಂತ ಮನೆತನದ ಕನ್ಯೆಗೆ ಪರಿಪೂರ್ಣತೆ ಒಂದು ಆಯ್ಕೆ. ಕೂಲಿಗೆ ಅದು ಶಿಕ್ಷೆ. ಹಾಗಾಗಿ ಈ ಜಗಳವನ್ನು ಆಶಾವಾದಿಗೂ ನಿರಾಶಾವಾದಿಗೂ ನಡೆದ ಜಗಳವೆನ್ನುವುದು ಸುಳ್ಳು. ಒಳ್ಳೆಯತನವನ್ನು ಸಾಧಕರ ಸೊತ್ತಾಗಿಸಬೇಕೋ ಅಥವಾ ಬೇಡಿ ಪಡೆಯುವವರೆಲ್ಲರ ಪಾಲಾಗಿಸಬೇಕೋ ಎಂಬುದೇ ಅಲ್ಲಿದ್ದ ಪ್ರಶ್ನೆ.

412ರ ಸುಮಾರಿಗೆ ಬರೆದ 'ಆತ್ಮ ಮತ್ತು ಅಕ್ಷರ' ಎಂಬ ಚಿಕ್ಕ ಗ್ರಂಥದಲ್ಲಿ ಅಗಸ್ಟೀನ್ ಧರ್ಮಶಾಸ್ತ್ರದ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡ. ಮೋಶೆಯ ಆಜ್ಞೆಗಳು ಒಳ್ಳೆಯವು, ದೇವರವು, ಅದರಲ್ಲಿ ಅವನಿಗೆ ಅನುಮಾನವಿಲ್ಲ. ಆದರೆ ಬೇಡವೆಂದದ್ದರ ಮೇಲೆಯೇ ಆಸೆ ಹೆಚ್ಚುವ ಮನಸ್ಸಿಗೆ ಬರೀ ಆಜ್ಞೆ ಏನು ಮಾಡೀತು? ಶಿಕ್ಷೆಯ ಭಯಕ್ಕೆ ಕೈ ಕಟ್ಟಿಕೊಂಡವನು ಒಳಗೆ ಇನ್ನೂ ಕದಿಯುತ್ತಲೇ ಇರುತ್ತಾನೆ. ನ್ಯಾಯವನ್ನು ಪ್ರೀತಿಸುವ ಮನಸ್ಸು ಹುಟ್ಟದೆ ಧರ್ಮಶಾಸ್ತ್ರ ಕಲ್ಲಿನ ಮೇಲೆಯೇ ಉಳಿಯುತ್ತದೆ, ಆ ಪ್ರೀತಿಯನ್ನು ಹೃದಯದೊಳಗೆ ಸುರಿಯುವವನು ಪವಿತ್ರಾತ್ಮ. ಅವನ ಪಾಲಿಗೆ ಕೃಪೆಯೆಂದರೆ ತಪ್ಪಿಗೆ ಸಿಗುವ ರಿಯಾಯಿತಿಯಲ್ಲ, ಒಳ್ಳೆಯದರಲ್ಲಿ ಸಂತೋಷಪಡುವ ಶಕ್ತಿ. ಇಚ್ಛೆಯನ್ನು ಅವನು ಕೊಂದ ಎನ್ನುವವರಿಗೆ ಈ ಗ್ರಂಥವೇ ಉತ್ತರ: ಪ್ರೀತಿಸಲು ಕಲಿತ ಇಚ್ಛೆ ಮಾತ್ರ ಸ್ವತಂತ್ರವಾದದ್ದು ಎಂದು ಅವನು ಹೇಳಿದ.

ಮುಂದಿನ ಚರಿತ್ರೆ ಅಷ್ಟು ಸೊಗಸಾಗಿಲ್ಲ. 418ರ ಏಪ್ರಿಲ್ 30ರಂದು ಹೊನೋರಿಯಸ್ ಚಕ್ರವರ್ತಿ ಪೆಲೇಜಿಯಸನ ಕಡೆಯವರನ್ನು ರೋಮಿನಿಂದ ಹೊರಹಾಕುವ ಆಜ್ಞೆ ಹೊರಡಿಸಿದ, ಮರುದಿನವೇ ಕಾರ್ಥೇಜಿನಲ್ಲಿ ಆಫ್ರಿಕದ ಬಿಷಪ್ಪರು ಸೇರಿ ಖಂಡಿಸಿದರು. ರಾಜದಂಡ ಬಳಸಿ ವಾದ ಗೆದ್ದದ್ದು ಕೆಟ್ಟದ್ದೇ, ಆಫ್ರಿಕದ ಭಿನ್ನಮತೀಯ ಕ್ರೈಸ್ತರಾದ ಡೊನಾಟಿಸ್ಟರ ಮೇಲೆ ಬಲಪ್ರಯೋಗಕ್ಕೆ ಅಗಸ್ಟೀನ್ ಒಪ್ಪಿಗೆ ಕೊಟ್ಟದ್ದು ಇನ್ನೂ ಕೆಟ್ಟದ್ದು. ಆದರೆ ಗೆದ್ದ ವಿಧಾನ ಕೆಟ್ಟದ್ದಾದ ಮಾತ್ರಕ್ಕೆ ವಾದ ಸುಳ್ಳಾಗುವುದಿಲ್ಲ. ಖಂಡನೆಗೆ ಸಹಿ ಹಾಕಲೊಪ್ಪದ ಇಟಲಿಯ ಬಿಷಪ್ ಎಕ್ಲಾನಮ್ಮಿನ ಜೂಲಿಯನ್ ಮುಂದೆ ಹನ್ನೆರಡು ವರ್ಷ ಅಗಸ್ಟೀನನನ್ನು ಜಗ್ಗಾಡಿದ. ಚುರುಕಿನವನು, ತರ್ಕದಲ್ಲಿ ಬಲು ಗಟ್ಟಿ. ಹಸುಳೆಗಳಿಗೆ ಪಾಪ ಅಂಟಿಸುವ ದೇವರು ಎಂಥ ದೇವರು ಎಂದು ಅವನು ಕೇಳಿದ. ದೀಕ್ಷಾಸ್ನಾನವಿಲ್ಲದೆ ತೀರಿಕೊಂಡ ಮಗುವಿಗೂ, ಅತ್ಯಂತ ಹಗುರವಾದದ್ದೇ ಆಗಲಿ, ಶಿಕ್ಷೆ ಇದೆ ಎಂದ ಅಗಸ್ಟೀನನ ಉತ್ತರ ನಿಲ್ಲುವುದಿಲ್ಲ. ಅಲ್ಲಿ ಅವನು ಸಿದ್ಧಾಂತದ ಸರಪಳಿಗೆ ತನ್ನ ಕಣ್ಣನ್ನು ಒಪ್ಪಿಸಿಬಿಟ್ಟ. ಅದೇ ಕಣ್ಣು 'ಕನ್ಫೆಷನ್ಸ್'ನ ಮೊದಲ ಪುಸ್ತಕದಲ್ಲಿ ಎಷ್ಟು ಸರಿಯಾಗಿ ನೋಡಿತ್ತು! ಮಾತೇ ಬಾರದ ಕೂಸೊಂದು, ತನ್ನ ದಾದಿಯ ಎದೆಗೆ ಬಾಯಿಟ್ಟ ಇನ್ನೊಂದು ಕೂಸನ್ನು ಬಿಳಿಚಿದ ಮುಖದಲ್ಲಿ ದುರುಗುಟ್ಟಿದ್ದನ್ನು ಅವನು ಬರೆದ. ಮಕ್ಕಳನ್ನು ಸಾಕಿದವರು ಇದನ್ನು ಸುಳ್ಳೆನ್ನಲಾರರು. ನೋಡಿದ್ದು ನಿಜ, ಅದರ ಮೇಲೆ ಕಟ್ಟಿದ ಶಿಕ್ಷೆ ಅನ್ಯಾಯ. ಜೂಲಿಯನ್ ಮಾತ್ರ ಎರಡನ್ನೂ ಒಟ್ಟಿಗೆ ಎಸೆದ. ಜೊತೆಗೆ ಎದುರಾಳಿಯನ್ನು ಆಫ್ರಿಕದವನೆಂದು ಹಂಗಿಸಿದ. ಪ್ರಾಂತ್ಯದಿಂದ ಬಂದವನನ್ನು ರಾಜಧಾನಿಯ ನಯಗಾರಿಕೆ ಹಂಗಿಸುವ ಆ ದನಿ ನಮಗೂ ಪರಿಚಿತ.

ಮರುಹುಟ್ಟಿನ ವಿಷಯದಲ್ಲಿ ಅಗಸ್ಟೀನನ ಮೇಲೆ ಆಗಿರುವ ಅನ್ಯಾಯ ಬೇರೆ ರೀತಿಯದು. ರಾತ್ರಿ ಹೊತ್ತು ಬಂದ ನಿಕೊದೇಮನಿಗೆ ಯೇಸು ಹೊಸದಾಗಿ ಹುಟ್ಟುವ ಮಾತು ಹೇಳಿದ ಪ್ರಸಂಗ ಯೋಹಾನನ ಸುವಾರ್ತೆಯಲ್ಲಿದೆ. ಆ ಮಾತು ಜರ್ಮನಿಯ ಪಯಟಿಸ್ಟ್ ಭಕ್ತಿಪಂಥದವರ ಕೈಗೆ ಬಂದಾಗ ಒಂದು ಅಚ್ಚುಕಟ್ಟಾದ ಅನುಭವಕಥೆಯಾಯಿತು: ಪಾಪದ ಅರಿವು, ಹೋರಾಟ, ಕಣ್ಣೀರು, ಒಂದು ದಿನ ಬಿಡುಗಡೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಈ ಪರಂಪರೆಯವರು, ಅವರಲ್ಲಿ ಎಷ್ಟೋ ಮಂದಿ ವ್ಯೂರ್ಟೆಂಬರ್ಗ್ ಪ್ರಾಂತ್ಯದವರು. ಕನ್ನಡದ ಪ್ರೊಟೆಸ್ಟಂಟ್ ಬೋಧನೆಯಲ್ಲಿ ಮರುಹುಟ್ಟಿನ ಕಲ್ಪನೆಗೆ ಆಕಾರ ಬಂದದ್ದು ಅವರ ಮೂಲಕ. ಅದರ ಪ್ರಾಮಾಣಿಕತೆಯನ್ನು ನಾನು ಶಂಕಿಸುವುದಿಲ್ಲ. ಆದರೆ ತಾರೀಖು ಹಾಕಿದ ಪರಿವರ್ತನೆಯ ಸಾಕ್ಷಿಯನ್ನೇ ಮರುಹುಟ್ಟೆಂದು ತಿಳಿದು, ಅದಕ್ಕೆಲ್ಲ ಮೂಲ ಅಗಸ್ಟೀನನೇ ಎಂದು ಹೇಳುವವರು ಎಂಟನೆಯ ಪುಸ್ತಕಕ್ಕೆ ಓದು ನಿಲ್ಲಿಸಿದವರು.

ಎಂಟನೆಯದರಲ್ಲಿ ಮಿಲಾನಿನ ತೋಟವಿದೆ, 386ರ ಬೇಸಗೆ, ಅಂಜೂರದ ಮರದಡಿಯ ಅಳು, ಎತ್ತಿ ಓದೆನ್ನುವ ಮಗುವಿನ ದನಿ. ಮುಂದಿನ ವರ್ಷದ ಈಸ್ಟರ್ ಹಬ್ಬಕ್ಕೆ ಆಂಬ್ರೋಸನಿಂದ ದೀಕ್ಷಾಸ್ನಾನ, ಜೊತೆಯಲ್ಲಿ ಅಲಿಪಿಯಸ್, ಮಗ ಅಡಿಯೊಡೇಟಸ್. ಕತೆಗಾರನಾದವನು ಅಲ್ಲಿಗೆ ಮುಗಿಸುತ್ತಿದ್ದ. ಅಗಸ್ಟೀನ್ ಹತ್ತನೆಯ ಪುಸ್ತಕ ಬರೆದ. ಆಗ ಅವನು ಹತ್ತು ವರ್ಷಕ್ಕೂ ಮಿಕ್ಕಿ ದೀಕ್ಷೆಯಲ್ಲಿ ಕಳೆದವನು, ಬಿಷಪ್. ಹೀಗಿದ್ದೂ ಹಳೆಯ ಸುಖಗಳು ನಿದ್ದೆಯಲ್ಲಿ ಬಂದು ಕಾಡುತ್ತವೆಂದು ಬರೆದ. ಊಟದಲ್ಲಿ ಹಸಿವು ಎಲ್ಲಿ ಮುಗಿದು ರುಚಿ ಎಲ್ಲಿ ಶುರುವಾಯಿತೆಂದು ತಿಳಿಯುವುದಿಲ್ಲವೆಂದ. ಆಲಯದಲ್ಲಿ ಹಾಡಿನ ಅರ್ಥಕ್ಕಿಂತ ರಾಗಕ್ಕೇ ಹೆಚ್ಚು ಕರಗಿಹೋಗುತ್ತೇನೆಂದ. ಹೊಲದಲ್ಲಿ ನಾಯಿ ಮೊಲವನ್ನು ಅಟ್ಟಿಸಿಕೊಂಡು ಹೋದರೆ, ಮನೆಯಲ್ಲಿ ಹಲ್ಲಿ ನೊಣ ಹಿಡಿದರೆ ಧ್ಯಾನ ಮರೆತು ನೋಡುತ್ತ ನಿಲ್ಲುತ್ತೇನೆಂದ. ಎಲ್ಲಕ್ಕಿಂತ ಕಷ್ಟ ಹೊಗಳಿಕೆ: ಅದನ್ನು ಬೇಡವೆಂದುಕೊಳ್ಳುವ ವಿನಯವೇ ಹೊಗಳಿಕೆ ಬೇಡುತ್ತದೆಂದು ಅವನಿಗೆ ಗೊತ್ತಿತ್ತು. ಮರುಹುಟ್ಟಿದವನ ದಿನಚರಿ ಇದು. ಹೊಸದಾಗಿ ಹುಟ್ಟಿದವನು ಇನ್ನೂ ಕೂಸು, ಬೆಳೆಯುವುದಕ್ಕೆ ಇಡೀ ಆಯುಷ್ಯ ಬೇಕು ಎಂದು ಒಪ್ಪಿದ ಮೊದಲ ಆತ್ಮಕಥೆ ಇದೇ ಎಂದು ನಾನು ನಂಬಿದ್ದೇನೆ.

ಕೃಪೆ ಎಂದರೆ ಸೋಮಾರಿತನ ಎಂಬ ಹಳೆಯ ಆಕ್ಷೇಪ ಅವನ ಕಾಲದಲ್ಲೇ ಹುಟ್ಟಿತು. ಎಲ್ಲವೂ ಕೃಪೆಯಿಂದಾದರೆ ತಪ್ಪಿದವರನ್ನು ಮೇಲಿನವರು ಗದರಿಸುವುದೇಕೆ, ನಮಗಾಗಿ ಪ್ರಾರ್ಥಿಸಿದರೆ ಸಾಕಲ್ಲ ಎಂದು ಹಡ್ರುಮೆಟಮ್ ಮಠದ ಸನ್ಯಾಸಿಗಳು ಕೇಳಿದರು. ಎಪ್ಪತ್ತು ದಾಟಿದ ಅಗಸ್ಟೀನ್ ಅವರಿಗಾಗಿಯೇ ಎರಡು ಗ್ರಂಥ ಬರೆದು ಸಮಾಧಾನ ಹೇಳಿದ. ಆದರೆ ಅದಕ್ಕಿಂತ ಒಳ್ಳೆಯ ಉತ್ತರ ಹದಿನೈದು ಶತಮಾನ ಗ್ರಂಥಾಲಯಗಳಲ್ಲಿ ಹೂತುಹೋಗಿತ್ತು. ಆಸ್ಟ್ರಿಯಾದ ವಿದ್ವಾಂಸ ಯೊಹಾನೆಸ್ ದಿವ್ಯಾಕ್ ಫ್ರಾನ್ಸಿನ ಹಸ್ತಪ್ರತಿಗಳಲ್ಲಿ ಪತ್ತೆಹಚ್ಚಿ 1981ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ಹತ್ತನೆಯದು ಅಲಿಪಿಯಸನಿಗೆ ಬರೆದದ್ದು. ಹೌದು, ಅಖಾಡದಲ್ಲಿ ಕಣ್ಣು ತೆರೆದ ಅದೇ ಅಲಿಪಿಯಸ್, ಈಗ ತಗಾಸ್ತೆಯ ಬಿಷಪ್, ಕೆಲಸದ ಮೇಲೆ ಇಟಲಿಯಲ್ಲಿದ್ದವನು. ಗುಲಾಮ ವ್ಯಾಪಾರಿಗಳು ಹಳ್ಳಿಗಳಿಗೆ ನುಗ್ಗಿ ಸ್ವತಂತ್ರರನ್ನು ಹೊತ್ತೊಯ್ದು ಹಿಪ್ಪೋ ಬಂದರಿನಿಂದ ಸಾಗಿಸುತ್ತಿದ್ದರು. ಸೌದೆ ಕೊಳ್ಳುವ ನೆಪದಲ್ಲಿ ಬೆಟ್ಟದ ಹೆಂಗಸರನ್ನು ಕರೆದು ಕೂಡಿಹಾಕಿ, ಬಡಿದು, ಮಾರಿದ ಹೆಂಗಸೊಬ್ಬಳ ಸುದ್ದಿಯೂ ಪತ್ರದಲ್ಲಿದೆ. ಸಭೆಯ ಜನ ಸುಮಾರು 120 ಮಂದಿಯನ್ನು ಹಡಗಿನಿಂದಲೂ ಅಡಗಿಸಿಟ್ಟ ಜಾಗದಿಂದಲೂ ಬಿಡಿಸಿದರು. ಅವರಲ್ಲಿ ತಂದೆತಾಯಿಗಳೇ ಮಾರಿದವರು ಐದಾರು ಮಂದಿ ಮಾತ್ರ. ವ್ಯಾಪಾರಿಗಳಿಗೆ ಪ್ರಬಲರ ಬೆಂಬಲವಿತ್ತು, ಜನರನ್ನು ವಾಪಸು ಕೊಡಿ ಎಂಬ ಒತ್ತಾಯ ಶುರುವಾಗಿತ್ತು. ಚಕ್ರವರ್ತಿಯ ಕಾನೂನನ್ನು ಜಾರಿಗೆ ತರಿಸು ಎಂದು ಅಗಸ್ಟೀನ್ ಗೆಳೆಯನನ್ನು ಬೇಡುತ್ತಾನೆ. ಅದೇ ಉಸಿರಿನಲ್ಲಿ ಇನ್ನೊಂದು ಚಿಂತೆ: ಆ ಕಾನೂನಿನಲ್ಲಿ ಸೀಸದ ತುದಿಯ ಚಾಟಿಯೇಟಿದೆ, ಅದರಿಂದ ವ್ಯಾಪಾರಿಗಳು ಸತ್ತುಹೋದಾರು, ಆ ಶಿಕ್ಷೆ ಬೇಡ.

ಮನುಷ್ಯದ್ವೇಷಿ ಎಂದು ನಾವು ಹಣೆಪಟ್ಟಿ ಹಚ್ಚಿದವನು ಬರೆದ ಪತ್ರ ಇದು. ಗುಲಾಮರನ್ನು ಬಿಡಿಸಿದವನೇ ಗುಲಾಮ ವ್ಯಾಪಾರಿಯ ಬೆನ್ನಿನ ಬಗ್ಗೆಯೂ ಯೋಚಿಸಿದ. ತಾನೂ ಅದೇ ಕೆಡುಕಿನ ಮಣ್ಣಿನಿಂದ ಬಂದವನೆಂಬ ಅರಿವಿಲ್ಲದವನಿಗೆ ಈ ಯೋಚನೆ ಬರುವುದು ಕಷ್ಟ.

ನಮ್ಮ ಪರಂಪರೆಯಲ್ಲಿ ಪಾಪದ ಮಾತಿಲ್ಲ, ನಾವೆಲ್ಲ ಹುಟ್ಟಾ ಅಮೃತಪುತ್ರರು ಎನ್ನುವವರು ಬಸವಣ್ಣನನ್ನು ಯಾವಾಗ ಓದಿದರು? ತನ್ನ ಮನಸ್ಸಿನ ಚಂಚಲತೆಯನ್ನು, ತನ್ನ ಭಕ್ತಿಯ ಪೊಳ್ಳನ್ನು ಅವನಷ್ಟು ಕಟುವಾಗಿ ಬಯಲಿಗಿಟ್ಟವರು ಕಡಿಮೆ. ಪುರಂದರದಾಸರು ತಮ್ಮನ್ನು ಹಳಿದುಕೊಳ್ಳುವಾಗ ಯಾವ ಮಿಷನರಿಯ ಬೋಧನೆಯನ್ನೂ ಕೇಳಿರಲಿಲ್ಲ; ಕೃಪೆಯನ್ನು ಸಾರಲು ಬಂದ ಬಾಸೆಲ್ ಮಿಷನ್ನಿನ ಮೊಗ್ಲಿಂಗನೇ 1850ರಲ್ಲಿ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದ. ರಾಮಾನುಜರ ನಂತರದ ಶ್ರೀವೈಷ್ಣವರು, ಮರ್ಕಟನ್ಯಾಯವೋ ಮಾರ್ಜಾಲನ್ಯಾಯವೋ ಎಂದು ಶತಮಾನಗಳ ಕಾಲ ವಾದಿಸಿದರಲ್ಲ, ಮರಿ ತಾಯಿಯನ್ನು ಅಪ್ಪಿಕೊಳ್ಳಬೇಕೋ ತಾಯಿಯೇ ಕಚ್ಚಿ ಒಯ್ಯುವಳೋ ಎಂದು, ಅದು ಹಿಪ್ಪೋದಲ್ಲಿ ನಡೆದ ವಾದದ ಹತ್ತಿರದ ನೆಂಟ. ಜರ್ಮನ್ ದೇವಶಾಸ್ತ್ರಜ್ಞ ರುಡಾಲ್ಫ್ ಓಟೋ 1930ರಲ್ಲಿ ಭಾರತದ ಕೃಪಾಧರ್ಮ ಮತ್ತು ಕ್ರೈಸ್ತಧರ್ಮಗಳನ್ನು ಹೋಲಿಸಿ ಪುಸ್ತಕವನ್ನೇ ಬರೆದ. ವ್ಯತ್ಯಾಸಗಳಿವೆ, ದೊಡ್ಡವೇ ಇವೆ. ಆದರೆ ನಾವು ಪರಕೀಯವೆಂದು ದೂರವಿಟ್ಟ ಮಾತು ನಮ್ಮ ಮನೆಯಂಗಳದ್ದೂ ಹೌದು.

ಇದನ್ನು ಮರೆತಿರುವುದು ನಮ್ಮ ಈಗಿನ ಅಭಿರುಚಿ. ಪುಸ್ತಕದಂಗಡಿಯ ಮುಂಭಾಗದಲ್ಲಿ ವ್ಯಕ್ತಿತ್ವ ವಿಕಸನ ಕೂತಿದೆ. ನೀನು ಮನಸ್ಸು ಮಾಡಿದರೆ ಸಾಕು ಎಂಬ ಪೆಲೇಜಿಯಸನ ಪತ್ರದ ಸಾರ ಅಲ್ಲಿ ನೂರು ಮುಖಪುಟಗಳಲ್ಲಿ ಮಾರಾಟಕ್ಕಿದೆ. ಪರೀಕ್ಷೆಯಲ್ಲಿ ಸೋತ ಹುಡುಗನಿಗೆ, ಕೆಲಸ ಸಿಗದ ಹುಡುಗಿಗೆ, ಕುಡಿತ ಬಿಡಲಾಗದ ಗಂಡಸಿಗೆ ಆ ಪುಸ್ತಕಗಳು ಹೇಳುವುದು ಒಂದೇ: ನೀನು ಸಾಕಷ್ಟು ಬಯಸಲಿಲ್ಲ. ಇದಕ್ಕಿಂತ ಕ್ರೂರವಾದ ದೇವಶಾಸ್ತ್ರ ನನಗೆ ಗೊತ್ತಿಲ್ಲ, ಇದರಲ್ಲಿ ದೇವರೂ ಇಲ್ಲ, ಕ್ಷಮೆಯೂ ಇಲ್ಲ. ಕುಡಿತ ಬಿಡಿಸುವ ಆಲ್ಕೋಹಾಲಿಕ್ಸ್ ಅನಾನಿಮಸ್ ಸಂಘಗಳು ಮೊದಲ ಹೆಜ್ಜೆಯಾಗಿ ಕೇಳುವುದು, ಇದು ನನ್ನ ಕೈ ಮೀರಿದೆ ಎಂಬ ಒಪ್ಪಿಗೆಯನ್ನು. ಜಗತ್ತಿನಾದ್ಯಂತ ಜನ ಅಲ್ಲಿಂದಲೇ ಎದ್ದು ನಿಂತಿದ್ದಾರೆ.

ಸಾಹಿತ್ಯದಲ್ಲೂ ಇದೇ ರುಚಿ ಬೇರೂರಿದೆ. ಕನ್ನಡದಲ್ಲಿ ಈಚೆಗೆ ಬರುತ್ತಿರುವ ಆತ್ಮಕಥೆಗಳನ್ನು ಸಾಲಾಗಿಟ್ಟು ಓದಿ: ಬಡತನದಿಂದ ಬಂದೆ, ಅಡ್ಡಿಗಳನ್ನು ಗೆದ್ದೆ, ಶತ್ರುಗಳು ಕಾಡಿದರು, ಪ್ರಶಸ್ತಿ ಬಂತು. ನನ್ನಿಂದ ಯಾರಿಗೆ ಏನಾಯಿತು ಎಂಬ ಅಧ್ಯಾಯ ಸಿಗುವುದು ಅಪರೂಪ. ಅಗಸ್ಟೀನ್ ಸುಮಾರು ಹದಿನೈದು ವರ್ಷ ಜೊತೆ ಬಾಳಿದ ಹೆಣ್ಣನ್ನು ಆಫ್ರಿಕಕ್ಕೆ ವಾಪಸು ಕಳಿಸಿದ. ಅವಳ ಹೆಸರನ್ನೂ ಅವನು ಬರೆಯಲಿಲ್ಲ, ಅದನ್ನು ನಾವು ಕ್ಷಮಿಸಬೇಕಾಗಿಲ್ಲ. ಆದರೆ ಆ ಸಂಗತಿಯನ್ನು ನಮಗೆ ತಿಳಿಸಿದವನು ಅವನೇ. ಅವಳು ಬೇರೆ ಗಂಡಸಿನ ಸಹವಾಸ ಮಾಡೆನೆಂದು ಮಾತು ಕೊಟ್ಟು ಹೋದಳು, ನಾನು ಮಾತ್ರ ಮದುವೆಯ ದಿನದವರೆಗೂ ಕಾಯಲಾರದೆ ಇನ್ನೊಬ್ಬಳನ್ನು ಇಟ್ಟುಕೊಂಡೆ ಎಂದು ತನ್ನ ಸಣ್ಣತನವನ್ನು ಅವಳ ದೊಡ್ಡತನದ ಪಕ್ಕದಲ್ಲಿ ನಿಲ್ಲಿಸಿದವನು ಅವನೇ. ನಾವು ಅವನ ಮೇಲೆ ಹೊರಿಸುವ ಆರೋಪಗಳಲ್ಲಿ ಅತಿ ಗಟ್ಟಿಯಾದದ್ದಕ್ಕೆ ಸಾಕ್ಷಿ ಒದಗಿಸಿದ್ದು ಅವನ ಪುಸ್ತಕ. ಪೆಲೇಜಿಯಸ್ ಅಂಥ ಒಂದು ಪುಟವನ್ನೂ ಬರೆದಿಟ್ಟಿಲ್ಲ, ಅವನ ಸಿದ್ಧಾಂತದಲ್ಲಿ ಅದಕ್ಕೆ ಜಾಗವೂ ಇರಲಿಲ್ಲ.